ನೆಲದಡಿಯ ಅಡುಗೆಮನೆ: ‘ಡಿಲಿಶಸ್ ಇನ್ ಡಂಜನ್’ ಮೊದಲ ಸಂಪುಟ ಓದೋದು ಹೇಗೆ

ಮೊದಲ ಸಲ ಮಂಗಾ, ಅಂದರೆ ಜಪಾನಿನ ಚಿತ್ರಕಥೆಯ ಪುಸ್ತಕವೊಂದು ಕೈಗೆ ಬಂದಾಗ ನಾನು ಅದನ್ನು ಎಡಗಡೆಯಿಂದ ತೆರೆದೆ. ನಮಗೆ ಗೊತ್ತಿರೋದೇ ಅದು ಅಲ್ವಾ? ಒಳಗೆ ಒಂದಷ್ಟು ಪುಟಾಣಿ ತಮಾಷೆ ಚಿತ್ರಗಳಿದ್ದವು. ಯಾರು ಯಾರಿಗೆ ಏನಾಗಬೇಕು ಅಂತ ಗೊತ್ತಿಲ್ಲ, ಎಲ್ಲಿ ನಗಬೇಕು ಅಂತಲೂ ಗೊತ್ತಿಲ್ಲ. ನಾಲ್ಕು ಪುಟ ನೋಡಿ, ಇದು ನನ್ನಂಥವರಿಗಲ್ಲ ಅಂತ ಮುಚ್ಚಿಟ್ಟೆ. ಆಮೇಲೊಂದು ದಿನ ಅಕ್ಕನ ಮಗಳು ಬಂದವಳು ಪುಸ್ತಕ ಕೈಗೆತ್ತಿಕೊಂಡು, “ಮಾಮ, ಹಿಂದಿನಿಂದ ಓದಿದೀಯಲ್ಲೋ” ಅಂತ ನಕ್ಕಳು. ನಾನು ಓದಿದ್ದು ಕಥೆ ಮುಗಿದ ಮೇಲೆ ಬರುವ ಹೆಚ್ಚುವರಿ ಪುಟಗಳನ್ನು!

ಆ ಪುಸ್ತಕ ರ್ಯೋಕೊ ಕುಯಿ ಎಂಬ ಲೇಖಕಿ ಬರೆದು ಚಿತ್ರ ಬಿಡಿಸಿದ ‘ಡಿಲಿಶಸ್ ಇನ್ ಡಂಜನ್’ ಸರಣಿಯ ಮೊದಲ ಸಂಪುಟ. ಜಪಾನಿಯಲ್ಲಿ ಅದರ ಹೆಸರು ‘ಡಂಜನ್ ಮೆಶಿ’. ಮೆಶಿ ಅಂದರೆ ಬೆಂದ ಅನ್ನವೂ ಹೌದು, ಊಟವೂ ಹೌದು. ನಾವು ‘ಅನ್ನದ ಋಣ’ ಅನ್ನುವಾಗ ಬರೀ ಅಕ್ಕಿಯ ಮಾತಾಡುವುದಿಲ್ಲವಲ್ಲ, ಹಾಗೆ. 2014ರಲ್ಲಿ ‘ಹಾರ್ಟಾ’ ಎಂಬ ಪತ್ರಿಕೆಯಲ್ಲಿ ಶುರುವಾಗಿ 2023ರಲ್ಲಿ ಮುಗಿಯಿತು. ಒಟ್ಟು 14 ಸಂಪುಟ. ಮುಗಿದ ಸರಣಿ ಅನ್ನೋದು ಹೊಸಬರಿಗೆ ದೊಡ್ಡ ಅನುಕೂಲ. ನೂರು ಸಂಪುಟ ದಾಟಿಯೂ ಮುಗಿಯದ ಸರಣಿಯೊಳಗೆ ಮೊದಲೇ ಕಾಲಿಟ್ಟರೆ ಹೊರಗೆ ಬರುವ ದಾರಿ ಕಾಣುವುದಿಲ್ಲ.

ಕಥೆ ಇಷ್ಟು. ಪಾಳುಬಿದ್ದ ರಾಜ್ಯವೊಂದು ನೆಲದಡಿ ಹೂತುಹೋಗಿದೆ. ಅಲ್ಲಿಗೆ ಇಳಿದ ಗುಂಪೊಂದು ಹೊಟ್ಟೆಗಿಲ್ಲದೆ ಸೋತು, ಕೆಂಪು ಡ್ರ್ಯಾಗನ್ ಎದುರು ಕುಸಿಯುತ್ತದೆ. ಗುಂಪಿನ ನಾಯಕ ಲಾಯೋಸ್‌ನ ತಂಗಿ ಫಾಲಿನ್‌ಳನ್ನು ಡ್ರ್ಯಾಗನ್ ನುಂಗುತ್ತದೆ. ನುಂಗಿಸಿಕೊಳ್ಳುವ ಮೊದಲು ಅವಳು ಮಂತ್ರ ಹಾಕಿ ಉಳಿದವರನ್ನೆಲ್ಲ ಮೇಲಕ್ಕೆ ಕಳಿಸಿರುತ್ತಾಳೆ. ಡ್ರ್ಯಾಗನ್ ತಿಂದದ್ದು ಅರಗಲು ಸಮಯ ಬೇಕು. ಅಷ್ಟರೊಳಗೆ ಹೋದರೆ ಅವಳನ್ನು ಉಳಿಸಬಹುದು. ಆದರೆ ಊಟ ಕಟ್ಟಿಕೊಂಡು ಹೋಗಲು ಕಾಸಿಲ್ಲ. ಹಾಗಾಗಿ ದಾರಿಯಲ್ಲಿ ಸಿಗುವ ಪ್ರಾಣಿ, ಗಿಡ, ವಿಚಿತ್ರ ಜೀವಿಗಳನ್ನೇ ಬೇಯಿಸಿಕೊಂಡು ತಿನ್ನೋದು ಅಂತ ತೀರ್ಮಾನ. ಇದೆಲ್ಲ ಮೊದಲ ಅಧ್ಯಾಯದ ಮೊದಲ ಪುಟಗಳಲ್ಲೇ ಬರುವುದರಿಂದ ನಾನೇನೂ ಗುಟ್ಟು ಬಿಟ್ಟುಕೊಟ್ಟಿಲ್ಲ.

1. ಅಸಲಿ ಪ್ರತಿ ಹುಡುಕಿ

ನಾವು ಓದೋದು ಯೆನ್ ಪ್ರೆಸ್ 2017ರಲ್ಲಿ ತಂದ ಇಂಗ್ಲಿಷ್ ಅನುವಾದ. ಇಂಗ್ಲಿಷ್ ಅಂತ ಹೆದರಬೇಡಿ. ಮಾತುಗಳು ಚಿಕ್ಕವು, ಹೈಸ್ಕೂಲಿನಲ್ಲಿ ಕಲಿತಷ್ಟು ಸಾಕು. ಗೊತ್ತಿಲ್ಲದ ಪದ ಬಂದರೆ ಪಕ್ಕದಲ್ಲೇ ಚಿತ್ರ ಇರುತ್ತದೆ.

ಬೆಂಗಳೂರಿನಲ್ಲಿದ್ದರೆ ಚರ್ಚ್ ಸ್ಟ್ರೀಟಿನ ಬ್ಲಾಸಮ್ ಅಥವಾ ಬುಕ್‌ವರ್ಮ್‌ನಲ್ಲಿ ಒಮ್ಮೆ ಕೇಳಿ ನೋಡಿ. ಬೇರೆ ಊರಿನವರಿಗೆ, ಹೊರದೇಶದಲ್ಲಿ ಇರುವವರಿಗೆ ಇ-ಪುಸ್ತಕ ಸುಲಭ. ಕಿಂಡಲ್ ಇದೆ, ಜಪಾನಿನ ಮೂಲ ಪ್ರಕಾಶಕರಾದ ಕಡೊಕಾವಾ ಗುಂಪಿನದೇ ಆದ ಬುಕ್‌ವಾಕರ್ ಇದೆ. ಆದರೆ ಫೋನಿನಲ್ಲಿ ಓದಬೇಡಿ. ಇದರ ಚಿತ್ರಗಳಲ್ಲಿ ಮೂಲೆಮೂಲೆಯಲ್ಲೂ ಏನೋ ನಡೆಯುತ್ತಿರುತ್ತದೆ, ಅಂಗೈಯಗಲದ ಪರದೆಯಲ್ಲಿ ಅದೆಲ್ಲ ಕಾಣದೇ ಹೋಗುತ್ತದೆ. ಟ್ಯಾಬ್ ಇದ್ದರೆ ಸರಿ, ಕಾಗದ ಇದ್ದರೆ ಇನ್ನೂ ಸರಿ.

ನಕಲಿ ಪ್ರತಿಗಳ ಬಗ್ಗೆ ಮಾತ್ರ ಎಚ್ಚರ. ಮಂಗಾದ ಕಳ್ಳಮುದ್ರಣ ನಮ್ಮ ದೇಶದಲ್ಲಿ ಜೋರಾಗಿದೆ. ಅರ್ಧಕ್ಕಿಂತ ಕಡಿಮೆ ಬೆಲೆ ನೋಡಿ ನಾನೂ ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರನಿಂದ ಬೇರೊಂದು ಸರಣಿಯ ಪುಸ್ತಕ ತರಿಸಿಕೊಂಡು ಕೈಸುಟ್ಟುಕೊಂಡೆ. ಪುಟದ ಅಂಚು ಕತ್ತರಿಸಿ ಹೋಗಿತ್ತು. ಕಪ್ಪು ಇರಬೇಕಾದಲ್ಲಿ ಬೂದಿ ಬಣ್ಣ. ಬೆನ್ನಿನ ಹತ್ತಿರದ ಮಾತುಗಳು ಹೊಲಿಗೆಯೊಳಗೆ ಮುಳುಗಿ, ಪುಸ್ತಕವನ್ನು ಬಗ್ಗಿಸಿ ಬಗ್ಗಿಸಿ ಓದಬೇಕಾಯಿತು. ಹದಿನೈದು ದಿನದಲ್ಲಿ ಹಾಳೆಗಳು ಒಂದೊಂದಾಗಿ ಉದುರಿದವು. ಕೊಳ್ಳುವ ಮುಂಚೆ ಒಂದು ಪುಟವನ್ನು ಬೆಳಕಿಗೆ ಹಿಡಿಯಿರಿ. ತೆಳು ಬೂದು ಛಾಯೆಗಳು ಚುಕ್ಕೆಚುಕ್ಕೆಯಾಗಿ ಸ್ಪಷ್ಟವಾಗಿ ಕಂಡರೆ ಒಳ್ಳೆಯ ಲಕ್ಷಣ. ಕಲಸಿದ ಹಾಗೆ ಕಂಡರೆ ವಾಪಸ್ ಇಡಿ.

ಇದು ಚಿಕ್ಕ ಮಕ್ಕಳ ಪುಸ್ತಕವಲ್ಲ. ರಕ್ತ ಜಾಸ್ತಿ ಇಲ್ಲ, ಆದರೆ ಹೆಣ, ಅಸ್ಥಿಪಂಜರ, ಪ್ರಾಣಿ ಕೊಯ್ಯುವುದು ಎಲ್ಲ ಬರುತ್ತದೆ. ಹದಿಮೂರು ದಾಟಿದವರಿಗೆ ಅಡ್ಡಿಯಿಲ್ಲ.

2. ಬಲಗಡೆಯಿಂದ ತೆರೆಯಿರಿ

ಬೆನ್ನು ನಿಮ್ಮ ಬಲಗೈಗೆ ಬರುವಂತೆ ಪುಸ್ತಕ ಹಿಡಿಯಿರಿ. ನಮ್ಮ ಲೆಕ್ಕದಲ್ಲಿ ಹಿಂದಿನ ರಕ್ಷಾಪುಟ ಯಾವುದೋ ಅದೇ ಇದರ ಮುಖಪುಟ. ಹಾಳೆಗಳನ್ನು ಎಡದಿಂದ ಬಲಕ್ಕೆ ಮಗುಚುತ್ತಾ ಹೋಗಬೇಕು.

ಹಿಂದೆಲ್ಲ ಇಂಗ್ಲಿಷಿಗೆ ತರುವಾಗ ಚಿತ್ರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಚ್ಚು ಹಾಕುತ್ತಿದ್ದರು. ಆಗ ಬಲಗೈಯಲ್ಲಿ ಕತ್ತಿ ಹಿಡಿದವರೆಲ್ಲ ಎಡಚರಾಗಿಬಿಡುತ್ತಿದ್ದರು! 2000ದ ದಶಕದಲ್ಲಿ ಆ ಪದ್ಧತಿ ಹೆಚ್ಚುಕಡಿಮೆ ನಿಂತುಹೋಯಿತು. ಹಾಗಾಗಿ ಈಗ ತಿರುಗಬೇಕಾದವರು ನಾವು. ಹತ್ತು ಪುಟ ಕಷ್ಟ ಆಗುತ್ತದೆ, ಆಮೇಲೆ ಕಣ್ಣು ತಾನೇ ದಾರಿ ಹಿಡಿಯುತ್ತದೆ.

3. ಚೌಕಗಳ ದಾರಿ ಕಂಡುಕೊಳ್ಳಿ

ಪುಟದ ಬಲ ಮೇಲ್ಮೂಲೆಯಿಂದ ಶುರು. ಅಲ್ಲಿಂದ ಎಡಕ್ಕೆ, ಆಮೇಲೆ ಕೆಳಕ್ಕೆ. ಒಂದು ಚೌಕದೊಳಗೆ ಎರಡು ಮೂರು ಮಾತಿನ ಗುಳ್ಳೆ ಇದ್ದರೆ ಅವುಗಳನ್ನೂ ಬಲದಿಂದ ಎಡಕ್ಕೇ ಓದಬೇಕು. ಇಲ್ಲೇ ಹೊಸಬರು ಜಾಸ್ತಿ ಎಡವೋದು. ಚೌಕ ಸರಿಯಾಗಿ ಹಿಡಿಯುತ್ತಾರೆ, ಒಳಗಿನ ಮಾತನ್ನು ಮಾತ್ರ ರೂಢಿಯಂತೆ ಎಡದಿಂದಲೇ ಓದುತ್ತಾರೆ. ಆಗ ಉತ್ತರ ಮೊದಲು, ಪ್ರಶ್ನೆ ಆಮೇಲೆ.

ಗೊಂದಲ ಆಗುವ ಜಾಗ ಒಂದಿದೆ. ಬಲಕ್ಕೆ ಉದ್ದನೆಯ ಒಂದು ಚೌಕ, ಎಡಕ್ಕೆ ಒಂದರ ಕೆಳಗೊಂದು ಎರಡು ಚಿಕ್ಕ ಚೌಕ ಇದ್ದರೆ ಏನು ಮಾಡೋದು? ಉದ್ದನೆಯದನ್ನು ಓದಿ, ಎಡದ ಮೇಲಿನದು, ಆಮೇಲೆ ಕೆಳಗಿನದು. ಚೌಕಗಳ ನಡುವಿನ ಬಿಳಿ ಪಟ್ಟಿಯನ್ನು ನೋಡಿದರೆ ಇನ್ನೊಂದು ಸುಳಿವು ಸಿಗುತ್ತದೆ. ಸಾಮಾನ್ಯವಾಗಿ ಅಡ್ಡ ಪಟ್ಟಿ ಅಗಲವಾಗಿ, ನಿಂತ ಪಟ್ಟಿ ಸಪೂರವಾಗಿ ಇರುತ್ತದೆ. ಅಗಲವಾದ ಅಡ್ಡ ಪಟ್ಟಿ ಅಂದರೆ ಒಂದು ಸಾಲು ಅಲ್ಲಿಗೆ ಮುಗಿಯಿತು ಅಂತ. ಪಟ್ಟಿ ಬಿಳಿಯ ಬದಲು ಕಪ್ಪಾಗಿದ್ದರೆ ಬಹುಪಾಲು ಅದು ಹಿಂದೆ ನಡೆದ ಕಥೆ.

ಗುಳ್ಳೆಯ ಆಕಾರವೂ ಮಾತಾಡುತ್ತದೆ. ದುಂಡಗಿದ್ದರೆ ಸಾಧಾರಣ ಮಾತು, ಮುಳ್ಳುಮುಳ್ಳಾಗಿದ್ದರೆ ಕೂಗು. ಈ ಪುಸ್ತಕದಲ್ಲಿ ಮುಳ್ಳಿನ ಗುಳ್ಳೆ ಗುಂಪಿನ ಮಂತ್ರಗಾತಿ ಮಾರ್ಸಿಲ್‌ಗೇ ಹೆಚ್ಚು. ಯಾಕೆ ಅಂತ ಮೊದಲ ಅಧ್ಯಾಯದಲ್ಲೇ ಗೊತ್ತಾಗುತ್ತದೆ.

4. ಶಬ್ದವನ್ನು ಕನ್ನಡದಲ್ಲಿ ಕೇಳಿಸಿಕೊಳ್ಳಿ

ಚಿತ್ರದ ಮೇಲೆಯೇ ದಪ್ಪ ಜಪಾನಿ ಅಕ್ಷರಗಳು ಬಿದ್ದಿರುತ್ತವೆ. ಅವು ಶಬ್ದಗಳು. ಪಕ್ಕದಲ್ಲಿ ಪುಟ್ಟದಾಗಿ ಇಂಗ್ಲಿಷ್ ಇರುತ್ತದೆ. ಹಲವರು ಅದನ್ನು ಗಮನಿಸದೆ ದಾಟಿಬಿಡುತ್ತಾರೆ. ಕನ್ನಡದವರು ದಾಟಬಾರದು, ಯಾಕೆಂದರೆ ಈ ವಿಷಯದಲ್ಲಿ ನಾವು ಇಂಗ್ಲಿಷಿನವರಿಗಿಂತ ಸಿರಿವಂತರು. ಶಾಲೆಯಲ್ಲಿ ಅನುಕರಣಾವ್ಯಯ ಅಂತ ಓದಿದ್ದು ನೆನಪಿದೆಯಾ? ಧಗಧಗ, ದಡದಡ, ಚಟಪಟ. ಜಪಾನಿಯರೂ ಹಾಗೇ. ಸಾರು ಸಣ್ಣ ಉರಿಯಲ್ಲಿ ಕುದಿಯುವುದಕ್ಕೆ ಅವರು ‘ಗುತ್ಸು ಗುತ್ಸು’ ಅಂತಾರೆ, ನಾವು ಕೊತಕೊತ ಅಂತೀವಿ. ಕಾದ ಎಣ್ಣೆಗೆ ಏನಾದರೂ ಬಿದ್ದರೆ ಅವರಿಗೆ ‘ಜೂ’, ನಮಗೆ ಚುಂಯ್. ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಂಡರೆ ಅವರಿಗೆ ‘ಪಕು’, ನಮಗೆ ಗಬಕ್. ಏನೂ ಸದ್ದಿಲ್ಲದ್ದಕ್ಕೂ ಅವರಲ್ಲಿ ಒಂದು ಶಬ್ದ ಇದೆ, ‘ಶೀನ್’. ನಾವು ಖಾಲಿ ಮನೆ ಬಿಕೋ ಅನ್ನುತ್ತಿತ್ತು ಅನ್ನೋದಿಲ್ವಾ, ಅದೇ ಜಾತಿ.

ಹಾಗಾಗಿ ಪಕ್ಕದ ಇಂಗ್ಲಿಷ್ ನೋಡಿ, ಮನಸ್ಸಿನಲ್ಲಿ ಕನ್ನಡದ ಶಬ್ದ ಹಾಕಿಕೊಂಡು ಓದಿ. ಈ ಪುಸ್ತಕದಲ್ಲಿ ಅರ್ಧ ಶಬ್ದಗಳು ಅಡುಗೆಯವೇ. ಓದುತ್ತಾ ಹಸಿವಾದರೆ ನನ್ನನ್ನು ಬೈಯಬೇಡಿ.

5. ನಾಲ್ಕು ಪದ ತಿಳಿದಿರಲಿ

ಡಂಜನ್ ಅಂದರೆ ನಿಘಂಟಿನಲ್ಲಿ ಕತ್ತಲ ಸೆರೆಮನೆ ಅಂತ ಇರುತ್ತದೆ. ಇಲ್ಲಿ ಆ ಅರ್ಥ ಅಲ್ಲ. ಅಂತಸ್ತಿನ ಕೆಳಗೆ ಅಂತಸ್ತು ಇಳಿಯುತ್ತಾ ಹೋಗುವ ನೆಲದಡಿಯ ಜಟಿಲ ಜಾಗ. ಕೆಳಗೆ ಹೋದಷ್ಟೂ ಅಪಾಯ ಹೆಚ್ಚು, ನಿಧಿಯೂ ಹೆಚ್ಚು. 1981ರಲ್ಲಿ ಬಂದ ‘ವಿಜರ್ಡ್ರಿ’ಯಂಥ ಕಂಪ್ಯೂಟರ್ ಆಟಗಳಿಂದ ಜಪಾನಿನ ಮಂಗಾಗಳಿಗೆ ಹರಿದುಬಂದ ಕಲ್ಪನೆ ಇದು. ಪಾರ್ಟಿ ಅಂದರೆ ಒಟ್ಟಿಗೆ ಇಳಿಯುವ ತಂಡ. ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಲಾಯೋಸ್ ಕತ್ತಿ ಹಿಡಿಯುವವನು. ಮಾರ್ಸಿಲ್ ಉದ್ದ ಕಿವಿಯ ಎಲ್ಫ್ ಕುಲದವಳು, ಮಂತ್ರ ಬಲ್ಲವಳು. ಚಿಲ್‌ಚಕ್ ಬೀಗ ಬಿಡಿಸುವವನು, ಬಲೆ ಪತ್ತೆ ಮಾಡುವವನು. ಚಿಕ್ಕ ಹುಡುಗನ ಹಾಗೆ ಕಾಣುತ್ತಾನೆ, ಆದರೆ ಹುಡುಗನಲ್ಲ. ಅವನ ಹಾಫ್‌ಫುಟ್ ಕುಲದವರೇ ಅಷ್ಟೆತ್ತರ. ಇದನ್ನು ಮರೆತು ಓದಿದರೆ ಅವನ ಮಾತಿನ ಖಾರ ಅರ್ಥವಾಗುವುದಿಲ್ಲ.

ಈ ಡಂಜನ್‌ನಲ್ಲಿ ಸತ್ತವರನ್ನು ಮತ್ತೆ ಬದುಕಿಸಬಹುದು, ದೇಹ ಸಿಗಬೇಕು ಅಷ್ಟೇ. ಹಾಗಾಗಿ ಸಾವಿನ ಬಗ್ಗೆ ಪಾತ್ರಗಳು ಸಲೀಸಾಗಿ ಮಾತಾಡುತ್ತವೆ. ಇದೇನಪ್ಪಾ ಇಷ್ಟು ಹಗುರ ಅನ್ನಿಸಿದರೆ ಅಲ್ಲೊಂದು ಗುರುತು ಇಟ್ಟುಕೊಳ್ಳಿ. ಲೇಖಕಿ ಅದನ್ನು ಮರೆತಿಲ್ಲ.

6. ಒಂದು ಕೂತಿಗೆ ಒಂದೇ ಅಧ್ಯಾಯ

ಸುಮಾರು 190 ಪುಟ, ಏಳು ಅಧ್ಯಾಯ. ಸುಮ್ನೆ ಕೂತರೆ ಒಂದೂವರೆ ಗಂಟೆಯಲ್ಲಿ ಮುಗಿಸಬಹುದು. ಮುಗಿಸಬೇಡಿ. ಪತ್ರಿಕೆಯಲ್ಲಿ ಬರುವಾಗ ಜಪಾನಿನ ಓದುಗರು ಒಂದು ಅಧ್ಯಾಯ ಓದಿ ಮುಂದಿನದಕ್ಕೆ ವಾರಗಟ್ಟಲೆ ಕಾಯುತ್ತಿದ್ದರು. ಹೆಚ್ಚಿನ ಅಧ್ಯಾಯಗಳ ಹೆಸರೇ ಆ ದಿನದ ಅಡುಗೆ. ಒಂದು ಊಟ ಅರಗುವ ಮೊದಲೇ ಇನ್ನೊಂದಕ್ಕೆ ಕೈ ಹಾಕಿದರೆ ಯಾವುದರ ರುಚಿಯೂ ನೆನಪಿರುವುದಿಲ್ಲ. ನಾನು ದಿನಕ್ಕೊಂದರಂತೆ ರಾತ್ರಿ ಊಟದ ಮುಂಚೆ ಓದಿದೆ.

ಮೊದಲನೆಯದರಲ್ಲಿ ದೊಡ್ಡ ಚೇಳು ಮತ್ತು ನಡೆದಾಡುವ ಅಣಬೆ. ಲಾಯೋಸ್‌ಗೆ ಇಂಥವನ್ನು ತಿನ್ನಬೇಕು ಅಂತ ಹಳೆಯ ಆಸೆ, ಪುಸ್ತಕವನ್ನೂ ಓದಿಕೊಂಡಿದ್ದಾನೆ. ಆದರೆ ಬೇಯಿಸಲು ಬರುವುದಿಲ್ಲ. ಆಗ ಸೆನ್ಶಿ ಬರುತ್ತಾನೆ. ಗಡ್ಡದ ಕುಳ್ಳ, ಡ್ವಾರ್ಫ್ ಕುಲದವನು, ಹತ್ತಾರು ವರ್ಷದಿಂದ ಈ ನೆಲದಡಿಯ ಅಡುಗೆಯಲ್ಲೇ ಮುಳುಗಿದವನು. ಕೊಂಡಿಯ ಬಾಲ ತೆಗೆ, ಒಳಗಿನ ಹೊಲಸು ತೆಗೆ, ಮೈಗೆ ಗೀರು ಹಾಕು ಅಂತ ಹೇಳಿಕೊಡುತ್ತಾನೆ. ಇಲ್ಲಿ ನಿಧಾನ ಮಾಡಿ. ಪುಸ್ತಕ ಇಡೀ ನಿಂತಿರುವುದು ಈ ನಾಲ್ಕೈದು ಪುಟದ ಮೇಲೆ.

ಮಲೆನಾಡಿನವರಿಗೆ ಇದು ಬೇಗ ಹಿಡಿಸುತ್ತದೆ ಅಂತ ನನ್ನ ಊಹೆ. ಕಳಲೆಯನ್ನು ದಿನವೂ ನೀರು ಬದಲಿಸುತ್ತಾ ನೆನೆಸಿಡಬೇಕು, ಕೆಸುವಿನ ಎಲೆಗೆ ಹುಣಸೆ ಬೀಳದಿದ್ದರೆ ಗಂಟಲೆಲ್ಲ ತುರಿಕೆ, ಮಳೆಗಾಲದಲ್ಲಿ ಕಂಡಕಂಡ ಅಣಬೆ ಕಿತ್ತು ತರಬಾರದು. ಇದನ್ನೆಲ್ಲ ನಮಗೆ ಯಾವ ಪಠ್ಯವೂ ಹೇಳಿಕೊಟ್ಟಿಲ್ಲ, ಅಜ್ಜಿ ಹೇಳಿದ್ದು. ಸೆನ್ಶಿಗೆ ಗೊತ್ತಿರುವುದು ಅಂಥ ತಿಳಿವಳಿಕೆ. ಲಾಯೋಸ್‌ಗೆ ಗೊತ್ತಿರುವುದು ಪುಸ್ತಕದ್ದು. ಮಾರ್ಸಿಲ್‌ಗೆ ಕಾಲೇಜಿನದ್ದು. ಇವರಲ್ಲಿ ಯಾರ ತಿಳಿವಳಿಕೆ ಎಲ್ಲಿ ಕೆಲಸಕ್ಕೆ ಬರುತ್ತದೆ ಅಂತ ಗಮನಿಸುತ್ತಾ ಹೋಗಿ. ರಾಕ್ಷಸ ಯಾರು, ಗೆಲ್ಲುವವರು ಯಾರು ಅನ್ನೋದಕ್ಕಿಂತ ಈ ಎಳೆಯೇ ಮೊದಲ ಸಂಪುಟದ ಸ್ವಾರಸ್ಯ.

ನಾಲ್ಕನೆಯ ಅಧ್ಯಾಯ ಬಂದಾಗ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಮ್ಯಾಂಡ್ರೇಕ್ ಅಂತ ಒಂದು ಗಡ್ಡೆ, ಮನುಷ್ಯನ ಆಕಾರ. ಕಿತ್ತಾಗ ಕಿರುಚುತ್ತದೆ, ಆ ಕಿರುಚು ಕೇಳಿದವರ ಪ್ರಾಣಕ್ಕೇ ಅಪಾಯ. ಯುರೋಪಿನ ಹಳೆಯ ನಂಬಿಕೆಯಲ್ಲಿ ಅದಕ್ಕೆ ನಾಯಿ ಕಟ್ಟಿ ದೂರದಿಂದ ಎಳೆಸುತ್ತಿದ್ದರು. ಸೆನ್ಶಿಯ ದಾರಿ ಸರಳ: ಕಿರುಚುವ ಮೊದಲೇ ತಲೆ ಹಾರಿಸು. ಮಾರ್ಸಿಲ್‌ಗೆ ಅದು ಸರಿ ಕಾಣದು. ಪುಸ್ತಕದ ಕ್ರಮದಲ್ಲೇ ಕೀಳುತ್ತೇನೆ ಅಂತ ಹಟ. ಏನಾಯಿತು ಅಂತ ಹೇಳುವುದಿಲ್ಲ. ಆದರೆ ಕೊನೆಗೆ ತಟ್ಟೆಗೆ ಬಂದಾಗ ಕಿರುಚಿದ ಗಡ್ಡೆಗೂ ಕಿರುಚದ ಗಡ್ಡೆಗೂ ರುಚಿಯಲ್ಲಿ ವ್ಯತ್ಯಾಸ ಇರುತ್ತದೆ. ಆ ಚೌಕದಲ್ಲಿ ಮಾರ್ಸಿಲ್ ಮುಖ ನೋಡಿ. ನನಗೆ ಇಡೀ ಸಂಪುಟದಲ್ಲಿ ಅತಿ ಇಷ್ಟವಾದ ಜಾಗ ಅದು.

ಎರಡನೆಯದು ಮನುಷ್ಯರನ್ನೇ ತಿನ್ನುವ ಗಿಡಗಳ ಬಗ್ಗೆ, ಮೂರನೆಯದು ಕೋಳಿ-ಹಾವು ಒಂದೇ ಮೈಯಲ್ಲಿ ಇರುವ ಬೆಸಿಲಿಸ್ಕ್ ಬಗ್ಗೆ. ಎರಡೂ ಸರಾಗವಾಗಿ ಓದಿಸಿಕೊಂಡು ಹೋಗುತ್ತವೆ. ಐದನೆಯದು ಚಿಲ್‌ಚಕ್‌ನ ಅಧ್ಯಾಯ. ಬಲೆಗಳ ಒಳಗೆ ಹೇಗೆ ಹೆಜ್ಜೆ ಇಡಬೇಕು ಅಂತ ಅವನು ಹೇಳುತ್ತಾನೆ, ಸೆನ್ಶಿಯ ಕಣ್ಣು ಮಾತ್ರ ಬಲೆಯಿಂದ ಚಿಮ್ಮುವ ಕಾದ ಎಣ್ಣೆಯ ಮೇಲೆ. ಆ ಎಣ್ಣೆಯಲ್ಲೇ ಕಾಕಿಯಾಗೆ ಕರಿಯುತ್ತಾರೆ. ಕಾಕಿಯಾಗೆ ಅಂದರೆ ಹೆಚ್ಚಿದ ತರಕಾರಿಯನ್ನು ಹಿಟ್ಟಿನಲ್ಲಿ ಕಲಸಿ ಎಣ್ಣೆಗೆ ಬಿಡೋದು. ನಮ್ಮ ಈರುಳ್ಳಿ ಪಕೋಡದ ದೂರದ ದಾಯಾದಿ. ನಾನು ಈ ಪುಟ ತೆರೆದಿಟ್ಟುಕೊಂಡಿದ್ದಾಗ ಅಮ್ಮ ಹಿಂದಿನಿಂದ ಬಗ್ಗಿ ನೋಡಿ, “ಏನೋ ಅದು, ಸೋಡಾ ಜಾಸ್ತಿ ಆದ ಹಾಗಿದೆ” ಅಂದರು.

ಆರು ಮತ್ತು ಏಳನ್ನು ಮಾತ್ರ ಒಟ್ಟಿಗೆ ಓದಿ. ತಾನೇ ನಡೆದಾಡುವ ರಕ್ಷಾಕವಚದ ಕಥೆ ಎರಡು ಅಧ್ಯಾಯಕ್ಕೆ ಹಂಚಿದೆ, ನಡುವೆ ನಿಲ್ಲಿಸಿದರೆ ನಿದ್ದೆ ಬರುವುದಿಲ್ಲ. ಉಕ್ಕಿನ ಕವಚವನ್ನು ತಿನ್ನೋದು ಹೇಗೆ ಅಂತ ಓದುವ ಮೊದಲು ನೀವೇ ಒಂದು ಊಹೆ ಮಾಡಿಕೊಂಡಿರಿ. ನನ್ನ ಊಹೆ ಪೂರ್ತಿ ತಪ್ಪಿತ್ತು.

7. ಅಡುಗೆ ವಿಧಾನವನ್ನು ದಾಟಬೇಡಿ

ಅಡುಗೆಯ ಜಾಗದಲ್ಲಿ ಸಾಮಾನು, ಮಾಡುವ ಕ್ರಮ, ಕೊನೆಗೆ ತಟ್ಟೆಯ ದೊಡ್ಡ ಚಿತ್ರ ಬರುತ್ತವೆ. ಅವಸರದ ಓದುಗರು ಇದು ಅಲಂಕಾರ ಅಂತ ಹಾಳೆ ತಿರುಗಿಸುತ್ತಾರೆ. ಈ ಲೋಕದ ನಿಯಮಗಳೆಲ್ಲ ಅಡಗಿರುವುದು ಅಲ್ಲೇ. ಯಾವ ಜೀವಿ ಏನು ತಿಂದು ಬದುಕುತ್ತದೆ, ಎಲ್ಲಿ ನೀರು ಇದೆ, ಯಾರಿಗೆ ಯಾರು ಆಹಾರ, ಎಲ್ಲವನ್ನೂ ಲೇಖಕಿ ಭಾಷಣ ಮಾಡದೆ ಪಾತ್ರೆಯ ಮುಂದೆ ಕೂರಿಸಿ ಹೇಳಿಬಿಡುತ್ತಾರೆ. ಮುಂದಿನ ಸಂಪುಟಗಳಿಗೆ ಹೋದಾಗ ಇಲ್ಲಿ ಓದಿದ ಒಂದು ಸಾಲು ಇದ್ದಕ್ಕಿದ್ದಂತೆ ನೆನಪಿಗೆ ಬರುತ್ತದೆ.

ಇಡೀ ಸಂಪುಟ ಮುಗಿದ ಮೇಲೆ ಇನ್ನೊಂದು ಸುತ್ತು ಹಾಕಿ. ಈ ಸಲ ಮಾತು ಓದಬೇಡಿ, ಮಾತಾಡದೆ ಇರುವವರನ್ನು ನೋಡಿ. ನಾಲ್ಕು ಜನ ಇರುವ ಚೌಕದಲ್ಲಿ ಒಬ್ಬ ಮಾತಾಡುತ್ತಿದ್ದರೆ ಉಳಿದ ಮೂವರು ಏನು ಮಾಡುತ್ತಿದ್ದಾರೆ? ತಟ್ಟೆ ಕೈಗೆ ಬಂದಾಗ ಯಾರು ಮೊದಲು ಬಾಯಿಗಿಡುತ್ತಾರೆ, ಯಾರು ಹಿಂದುಮುಂದು ನೋಡುತ್ತಾರೆ? ಮೊದಲ ಅಧ್ಯಾಯದ ಮಾರ್ಸಿಲ್‌ಗೂ ಕೊನೆಯ ಅಧ್ಯಾಯದ ಮಾರ್ಸಿಲ್‌ಗೂ ಚಮಚ ಹಿಡಿಯುವುದರಲ್ಲೇ ವ್ಯತ್ಯಾಸ ಕಾಣುತ್ತದೆ. ಎರಡನೇ ಸುತ್ತಿಗೆ ಅರ್ಧ ಗಂಟೆ ಸಾಕು.

ಕೊನೆಯಲ್ಲಿರುವ ಹೆಚ್ಚುವರಿ ತಮಾಷೆ ಪುಟಗಳನ್ನೂ ಈಗ ಓದಿ. ನಾನು ಮೊದಲು ಓದಿ ಪೆಚ್ಚಾಗಿದ್ದ ಪುಟಗಳು ಅವೇ. ಈಗ ನಗು ಬಂತು.

8. ಆಮೇಲೆ

2024ರ ಜನವರಿಯಿಂದ ಟ್ರಿಗರ್ ಸ್ಟುಡಿಯೊ ಮಾಡಿದ 24 ಕಂತಿನ ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಸರಣಿ, ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಅದರ ಮೊದಲ ಮೂರು ಕಂತಿನಲ್ಲಿ ಈ ಸಂಪುಟ ಮುಗಿಯುತ್ತದೆ. ಚೆನ್ನಾಗಿಯೇ ಇದೆ. ಆದರೆ ಪುಸ್ತಕ ಮುಗಿಸಿ ನೋಡಿ. ಬಣ್ಣ ಹಚ್ಚಿದ ತಟ್ಟೆ ಒಮ್ಮೆ ಕಣ್ಣಿಗೆ ಬಿದ್ದರೆ, ಕಪ್ಪು-ಬಿಳುಪಿನಲ್ಲಿ ನೀವೇ ಬಣ್ಣ ಊಹಿಸಿಕೊಳ್ಳುವ ಸುಖ ಹೋಗುತ್ತದೆ. ಪಾತ್ರಗಳ ಹೆಸರು ಹಾಕಿ ಅಂತರ್ಜಾಲದಲ್ಲಿ ಹುಡುಕೋದನ್ನೂ ಸದ್ಯಕ್ಕೆ ಬಿಡಿ. ಹುಡುಕು ಪೆಟ್ಟಿಗೆಯಲ್ಲಿ ಫಾಲಿನ್ ಅಂತ ಹೊಡೆದರೆ ಸಾಕು, ಏಳೆಂಟು ಸಂಪುಟದ ಮುಂದಿನ ಕಥೆ ಚಿತ್ರಸಮೇತ ಎದುರಿಗೆ ಬರುತ್ತದೆ. ನನಗೆ ಹಾಗೇ ಆಯಿತು.

ಎರಡನೆಯ ಸಂಪುಟ ಕೊಳ್ಳಬೇಕೋ ಬೇಡವೋ? ಮೂರನೇ ಅಧ್ಯಾಯದವರೆಗೆ ಓದಿಯೂ ಮುಂದೆ ಏನು ಬೇಯಿಸುತ್ತಾರೆ ಅನ್ನುವ ಕುತೂಹಲ ಹುಟ್ಟದಿದ್ದರೆ ಇದು ನಿಮ್ಮ ಪುಸ್ತಕವಲ್ಲ, ಬೇರೆ ಯಾರಿಗಾದರೂ ಕೊಟ್ಟುಬಿಡಿ. ಕುತೂಹಲ ಇದ್ದರೆ ತಗೊಳ್ಳಿ. ಅದು ಶುರುವಾಗುವುದು ಸೆನ್ಶಿಯ ತರಕಾರಿ ತೋಟದಿಂದ. ನೆಲದಡಿಯಲ್ಲಿ, ಬಿಸಿಲಿಲ್ಲದ ಕಡೆ, ಎಲೆಕೋಸು ಬೆಳೆದಿರುತ್ತಾನೆ. ಎಲ್ಲಿ ಬೆಳೆದ ಅಂತ ಮಾತ್ರ ಕೇಳಬೇಡಿ.